ಹೊಸ ಚಿಹ್ನೆ ಎದುರಾದರೆ ಮೊದಲು ತಾಳೆ ನೋಡಿ

ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ‘11 7+’ ಎಂದು ಬರೆದಿದೆ. ಇದರ ಬೆಲೆ ಎಷ್ಟು? ಯಾರನ್ನು ಕೇಳಿದರೂ ಹದಿನೆಂಟು ಎನ್ನುತ್ತಾರೆ. ಕೂಡುವ ಚಿಹ್ನೆ ಎರಡು ಅಂಕಿಗಳ ನಡುವೆ ಇರಬೇಕಿತ್ತು, ಕೊನೆಗೆ ಬಂದಿದೆ, ಆ ಕಾಲದವರ ರೂಢಿ ಹಾಗಿದ್ದಿರಬೇಕು ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಬರೆದವರ ಲೆಕ್ಕದಲ್ಲಿ ಇದರ ಬೆಲೆ ನಾಲ್ಕು. ಆ ಪುಸ್ತಕದಲ್ಲಿ ಅಂಕಿಯ ಬಲಕ್ಕೆ + ಗುರುತು ಇದ್ದರೆ ಆ ಅಂಕಿಯನ್ನು ಕಳೆಯಬೇಕು ಎಂದರ್ಥ.

ಪುಸ್ತಕ ಯಾವುದೆಂದರೆ ಬಕ್ಷಾಲಿ ಹಸ್ತಪ್ರತಿ. ಈಗ ಪಾಕಿಸ್ತಾನದಲ್ಲಿರುವ ಮರ್ದಾನ್ ಪಟ್ಟಣದ ಹತ್ತಿರ ಬಕ್ಷಾಲಿ ಎಂಬ ಹಳ್ಳಿಯಿದೆ. 1881ರಲ್ಲಿ ಅಲ್ಲಿ ನೆಲ ಅಗೆಯುತ್ತಿದ್ದ ರೈತನೊಬ್ಬನಿಗೆ ಭೂರ್ಜಪತ್ರದ ಕಟ್ಟೊಂದು ಸಿಕ್ಕಿತು. ಉಳಿದು ಬಂದದ್ದು ಎಪ್ಪತ್ತು ಎಲೆಗಳು, ಅವುಗಳಲ್ಲೂ ಹಲವು ಚೂರುಚೂರಾದವು. ಬರಹ ಶಾರದಾ ಲಿಪಿಯದು, ವಿಷಯ ಗಣಿತ. ಇವತ್ತು ಅದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ನಾವು ಬಳಸುವ + ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1489ರಲ್ಲಿ, ಜರ್ಮನಿಯ ಯೋಹಾನ್ಸ್ ವಿಡ್‌ಮನ್ ಲೈಪ್‌ಜಿಗ್‌ನಲ್ಲಿ ಪ್ರಕಟಿಸಿದ ವ್ಯಾಪಾರ ಗಣಿತದ ಪುಸ್ತಕದಲ್ಲಿ. ಭೂರ್ಜಪತ್ರದ + ಗುರುತಿಗೂ ಇದಕ್ಕೂ ಸಂಬಂಧವಿಲ್ಲ. ‘ಕ್ಷಯ’ ಎಂಬ ಪದದ ಮೊದಲ ಅಕ್ಷರ ಹಳೆಯ ಲಿಪಿಯಲ್ಲಿ ಸುಮಾರಾಗಿ ಹೀಗೆ ಕಾಣುತ್ತಿತ್ತು, ಅದೇ ಸವೆದು + ಆಗಿರಬಹುದು ಎಂಬುದು ಕೆಲವು ವಿದ್ವಾಂಸರ ಊಹೆ.

ಹಾಗಾದರೆ ಈ + ಕೂಡುವುದಲ್ಲ, ಕಳೆಯುವುದು ಎಂದು ಓದಿದವರಿಗೆ ಗೊತ್ತಾದದ್ದು ಹೇಗೆ? ಈ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ನಮ್ಮ ಶಾಲೆಗಳಿಗೆ ಬೇಕಾದ ಒಂದು ದೊಡ್ಡ ಪಾಠವಿದೆ.

ಹಸ್ತಪ್ರತಿಯಲ್ಲಿ ಒಂದು ಲೆಕ್ಕ ಬರುತ್ತದೆ. ಒಂದು ಸಂಖ್ಯೆಗೆ ಐದು ಕೂಡಿದರೆ ವರ್ಗಸಂಖ್ಯೆ ಸಿಗುತ್ತದೆ, ಅದೇ ಸಂಖ್ಯೆಯಿಂದ ಏಳು ಕಳೆದರೂ ವರ್ಗಸಂಖ್ಯೆಯೇ ಸಿಗುತ್ತದೆ, ಆ ಸಂಖ್ಯೆ ಯಾವುದು? ಇದನ್ನು ಚಿಹ್ನೆಗಳಲ್ಲಿ ಬರೆದಿರುವ ರೀತಿ ನೋಡಿ. ಮೊದಲು ಒಂದು ಚುಕ್ಕೆ. ಅದು ಗೊತ್ತಿಲ್ಲದ ಸಂಖ್ಯೆಯ ಜಾಗ. ಅದರ ಪಕ್ಕ 5, ಆಮೇಲೆ ‘ಯು’. ಯು ಎಂದರೆ ಯುತ, ಕೂಡಿದ್ದು. ಆಮೇಲೆ ‘ಮೂ’, ಅಂದರೆ ಮೂಲ, ನಮ್ಮ ವರ್ಗಮೂಲ. ಕೊನೆಗೆ ಮತ್ತೊಂದು ಚುಕ್ಕೆ. ಎರಡನೆಯ ಭಾಗದಲ್ಲಿ ಮತ್ತೆ ಚುಕ್ಕೆ, ಪಕ್ಕದಲ್ಲಿ 7+, ಆಮೇಲೆ ಮೂ, ಚುಕ್ಕೆ. ಪ್ರತಿ ಅಂಕಿಯ ಕೆಳಗೂ ಒಂದೊಂದು 1 ಇದೆ. ಭಿನ್ನರಾಶಿಯನ್ನು ನಡುವೆ ಗೆರೆಯಿಲ್ಲದೆ ಒಂದರ ಕೆಳಗೊಂದು ಬರೆಯುತ್ತಿದ್ದ ಪದ್ಧತಿಯಲ್ಲಿ ಪೂರ್ಣಸಂಖ್ಯೆಗೂ ಛೇದ ಬೇಕಲ್ಲ, ಅದಕ್ಕೆ ಆ 1.

ಉತ್ತರ 11. ಐದು ಕೂಡಿದರೆ 16, ಅದು ನಾಲ್ಕರ ವರ್ಗ. ಈಗ 7+ ಎಂಬುದನ್ನು ನಮ್ಮ ಅಭ್ಯಾಸದಂತೆ ಕೂಡಿ: 18 ಬಂತು, ಅದು ಯಾವ ಪೂರ್ಣಸಂಖ್ಯೆಯ ವರ್ಗವೂ ಅಲ್ಲ. ಕಳೆಯಿರಿ: 4 ಬಂತು, ಅದು ಎರಡರ ವರ್ಗ. ಲೆಕ್ಕ ಕೂಡಿಬಂತು. ಉತ್ತರವಿರುವ ಚೂರು ಹರಿದುಹೋಗಿದ್ದರೂ ದಾರಿಯಿತ್ತು. ಕೂಡುವುದೆಂದೇ ಓದಿದರೆ, ಒಂದೇ ಸಂಖ್ಯೆಗೆ 5 ಕೂಡಿದಾಗಲೂ 7 ಕೂಡಿದಾಗಲೂ ವರ್ಗಸಂಖ್ಯೆ ಬರಬೇಕು. ಅಂದರೆ ಎರಡು ವರ್ಗಸಂಖ್ಯೆಗಳ ನಡುವಿನ ವ್ಯತ್ಯಾಸ 2 ಆಗಬೇಕು. 0, 1, 4, 9, 16, 25 ಎಂದು ಸಾಲಾಗಿ ಬರೆದು ನೋಡಿ. ಪಕ್ಕಪಕ್ಕದ ವ್ಯತ್ಯಾಸಗಳು 1, 3, 5, 7, 9. ಯಾವ ಜೋಡಿ ಹಿಡಿದರೂ ಎರಡು ಬರುವುದಿಲ್ಲ. ಪೂರ್ಣಸಂಖ್ಯೆಗಳಲ್ಲಿ ಅಂಥ ಓದಿಗೆ ಉತ್ತರವೇ ಇಲ್ಲ. ಬರೆದವನು ಇಲ್ಲ, ಹೇಳಿಕೊಡುವ ಗುರು ಇಲ್ಲ, ನಿಘಂಟು ಇಲ್ಲ. ಆದರೂ ಚಿಹ್ನೆಯ ಅರ್ಥವನ್ನು ಲೆಕ್ಕವೇ ಹೇಳಿಬಿಟ್ಟಿತು.

ಅಂಗಡಿಯ ಲೆಕ್ಕಪತ್ರದಲ್ಲಿ ನಾವು ತಾಳೆ ನೋಡುವುದು ಎನ್ನುತ್ತೇವೆ. ಜಮಾ ಒಂದು ಕಡೆ, ಖರ್ಚು ಒಂದು ಕಡೆ, ಎರಡೂ ಹೊಂದುತ್ತವೆಯೋ ಇಲ್ಲವೋ ನೋಡುವುದು. ಗೊತ್ತಿಲ್ಲದ ಗಣಿತ ಚಿಹ್ನೆಯನ್ನು ಓದುವ ಸರಿಯಾದ ಕ್ರಮವೂ ಅದೇ. ಒಂದು ಅರ್ಥ ಊಹಿಸುವುದು, ಸಣ್ಣ ಅಂಕಿಗಳನ್ನು ಹಾಕುವುದು, ಉಳಿದದ್ದರ ಜೊತೆ ಹೊಂದುತ್ತದೆಯೇ ಎಂದು ನೋಡುವುದು, ಹೊಂದದಿದ್ದರೆ ಊಹೆಯನ್ನು ಬಿಟ್ಟುಕೊಡುವುದು. ನಮ್ಮ ಮಕ್ಕಳು ಊಹೆಯವರೆಗೆ ತಾವಾಗಿಯೇ ಬರುತ್ತಾರೆ. ಮುಂದಿನ ಹೆಜ್ಜೆಗಳನ್ನು ಕಲಿಸುವುದು ನಮ್ಮ ಕೆಲಸ. ಬಹಳ ಕಡೆ ಆ ಕೆಲಸ ನಡೆಯುತ್ತಿಲ್ಲ.

ಸಮ ಚಿಹ್ನೆಯನ್ನೇ ತೆಗೆದುಕೊಳ್ಳಿ. ಒಂದನೇ ತರಗತಿಯ ಮಗುವಿಗೂ ಗೊತ್ತಿರುವ ಗುರುತು. ಈ ಲೆಕ್ಕವನ್ನು ಮನೆಯಲ್ಲಿರುವ ಮಗುವಿಗೆ ಕೊಟ್ಟು ನೋಡಿ: 8 + 4 = □ + 5. ಖಾಲಿ ಚೌಕದಲ್ಲಿ ಏನು ಬರೆಯಬೇಕು? ಬಹಳ ಮಕ್ಕಳು 12 ಬರೆಯುತ್ತಾರೆ. ಇನ್ನು ಕೆಲವರು ಕಂಡ ಅಂಕಿಗಳನ್ನೆಲ್ಲ ಕೂಡಿ 17 ಎನ್ನುತ್ತಾರೆ. ಸರಿಯುತ್ತರ 7. ಅಮೆರಿಕದಲ್ಲಿ ಫಾಕ್ನರ್, ಲೆವಿ ಮತ್ತು ಕಾರ್ಪೆಂಟರ್ ಎಂಬ ಶಿಕ್ಷಣತಜ್ಞರು 1999ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಲೆಕ್ಕ ಮಾಡಿದ ಆರನೇ ತರಗತಿಯ 145 ಮಕ್ಕಳ ವಿಷಯ ಬರುತ್ತದೆ. ಅಷ್ಟೂ ಮಕ್ಕಳು 12 ಅಥವಾ 17 ಎಂದೇ ಬರೆದಿದ್ದರು.

ಇದು ಮಕ್ಕಳ ದಡ್ಡತನವಲ್ಲ. ಅವರು ಓದಿದ ಪುಸ್ತಕಗಳಲ್ಲಿ ಸಮ ಚಿಹ್ನೆ ಬಂದದ್ದೆಲ್ಲ ಕೊನೆಯಲ್ಲಿ. ಎಡಗಡೆ ಲೆಕ್ಕ, ಬಲಗಡೆ ಉತ್ತರ. ಕ್ಯಾಲ್ಕ್ಯುಲೇಟರಿನಲ್ಲೂ ಆ ಗುಂಡಿ ಒತ್ತಿದರೆ ಬರುವುದು ಉತ್ತರವೇ. ವರ್ಷಗಟ್ಟಲೆ ಇದನ್ನೇ ಕಂಡ ಮಗು ಸಮ ಚಿಹ್ನೆಗೆ ‘ಈಗ ಉತ್ತರ ಬರೆ’ ಎಂಬ ಅರ್ಥ ಕಟ್ಟಿಕೊಳ್ಳುತ್ತದೆ. ಕಂಡಷ್ಟಕ್ಕೆ ಅದು ಸರಿಯಾದ ತೀರ್ಮಾನವೇ. 1557ರಲ್ಲಿ ಈ ಗುರುತನ್ನು ಮೊದಲು ಅಚ್ಚು ಹಾಕಿಸಿದ ವೇಲ್ಸ್‌ನ ವೈದ್ಯ ರಾಬರ್ಟ್ ರೆಕಾರ್ಡ್ ಎರಡು ಸಮಾನಾಂತರ ಗೆರೆಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವನ್ನೂ ಕೊಟ್ಟಿದ್ದ. ಅವೆರಡಕ್ಕಿಂತ ಹೆಚ್ಚು ಸಮಾನವಾದ ಎರಡು ವಸ್ತುಗಳು ಬೇರೆ ಇರಲಾರವು ಎಂಬುದು ಅವನ ವಾದ. ಆ ಸಮಾನತೆಯ ಅರ್ಥ ಮಗುವಿಗೆ ದಕ್ಕಬೇಕಾದರೆ 7 = 3 + 4, 6 + 2 = 5 + 3, 9 = 9 ಎಂಬಂಥ ಸಾಲುಗಳನ್ನು ಅದು ಒಂದನೇ ತರಗತಿಯಿಂದಲೇ ನೋಡಬೇಕು. ಚೌಕದಲ್ಲಿ 12 ಬರೆದ ಮಗುವಿಗೆ ತಪ್ಪು ಗುರುತು ಹಾಕುವ ಮೊದಲು ಒಂದೇ ಮಾತು ಹೇಳಿದರೆ ಸಾಕು: ಎಡಗಡೆ ಎಷ್ಟಾಯಿತು, ಬಲಗಡೆ ಎಷ್ಟಾಯಿತು, ತಾಳೆ ನೋಡು. ಎಡಗಡೆ 12, ಬಲಗಡೆ 17. ಮಿಕ್ಕದ್ದನ್ನು ಮಗುವೇ ನೋಡಿಕೊಳ್ಳುತ್ತದೆ.

ಹೈಸ್ಕೂಲಿನ ಹೊಸ್ತಿಲಲ್ಲಿ ಮುಂದಿನ ತೊಡಕು ಕಾದಿರುತ್ತದೆ. ಪಠ್ಯಪುಸ್ತಕದ ಎಕ್ಸ್ ಬದಲು ಇಲ್ಲಿ ‘ಕ’ ಬಳಸುತ್ತೇನೆ. ಅಕ್ಷರಗಳನ್ನು ಹೀಗೆ ಬಳಸುವುದು ನಮಗೆ ಹೊಸದಲ್ಲ. ಹನ್ನೆರಡನೇ ಶತಮಾನದಲ್ಲಿ ಭಾಸ್ಕರಾಚಾರ್ಯ ತನ್ನ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗಳಿಗೆ ಯಾ, ಕಾ, ನೀ, ಪೀ ಎಂದು ಬರೆಯುತ್ತಿದ್ದ. ಯಾವತ್ತಾವತ್, ಕಾಲಕ, ನೀಲಕ, ಪೀತಕ ಎಂಬ ಹೆಸರುಗಳ ಮೊದಲಕ್ಷರಗಳು ಅವು. ಕಳೆಯಬೇಕಾದ ಸಂಖ್ಯೆಯ ತಲೆಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದ. ಬಕ್ಷಾಲಿಯಲ್ಲಿ ಸಾಲಿನೊಳಗಿನ ಚುಕ್ಕೆ ಗೊತ್ತಿಲ್ಲದ ಸಂಖ್ಯೆ, ಭಾಸ್ಕರನಲ್ಲಿ ಅಂಕಿಯ ತಲೆಯ ಮೇಲಿನ ಚುಕ್ಕೆ ಋಣ. ಒಂದೇ ನೆಲದ ಗಣಿತದಲ್ಲೇ ಗುರುತು ಒಂದು, ಅರ್ಥ ಎರಡು.

ಈಗ ನೋಡಿ. ಕ ಎಂದರೆ 5 ಆದರೆ 2ಕ ಎಷ್ಟು? ಬೀಜಗಣಿತಕ್ಕೆ ಹೊಸದಾಗಿ ಬಂದ ಮಗು 25 ಎನ್ನುತ್ತದೆ. ಯಾಕೆ ಅನ್ನಬಾರದು? ಏಳು ವರ್ಷ ಅದು ಕಲಿತದ್ದು 2ರ ಪಕ್ಕ 5 ಬಂದರೆ ಇಪ್ಪತ್ತೈದು ಎಂದೇ. ಅದರ ಜೊತೆಗೆ ಮಿಶ್ರ ಭಿನ್ನರಾಶಿಯನ್ನೂ ಕಲಿತಿದೆ. 2½ ಎಂದರೆ ಎರಡು ಮತ್ತು ಅರ್ಧ, ಎರಡು ಗುಣಿಸು ಅರ್ಧ ಅಲ್ಲ. ಹಾಗಾಗಿ 2ಕ ಎಂದರೆ ಎರಡು ಕೂಡಿಸು ಕ, ಅಂದರೆ 7, ಎಂದು ಯೋಚಿಸುವ ಮಗುವಿನ ಕಡೆಗೂ ನ್ಯಾಯವಿದೆ. ಎರಡು ಗುರುತುಗಳನ್ನು ಅಂಟಿಸಿ ಬರೆಯುವುದು ಒಂದೇ ಕ್ರಿಯೆ. 25ರಲ್ಲಿ ಅದು ಸ್ಥಾನಬೆಲೆ, 2½ ಎಂಬಲ್ಲಿ ಸಂಕಲನ, 2ಕ ಎಂಬಲ್ಲಿ ಗುಣಾಕಾರ. ದೊಡ್ಡವರಿಗೆ ಈ ಮೂರೂ ಬೇರೆಬೇರೆ ಎಂಬುದೇ ಮರೆತುಹೋಗಿರುತ್ತದೆ. ಮಗುವಿಗೆ ಮೂರೂ ಒಂದೇ ಥರ ಕಾಣುತ್ತವೆ. ‘ಅಕ್ಷರದ ಪಕ್ಕ ಅಂಕಿಯಿದ್ದರೆ ಗುಣಿಸಬೇಕು, ಇದು ನಾವು ಮಾಡಿಕೊಂಡ ಒಪ್ಪಂದ’ ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿದರೆ ಮುಂದಿನ ತಿಂಗಳುಗಟ್ಟಲೆಯ ಗೊಂದಲ ತಪ್ಪುತ್ತದೆ.

ಹಳೆಯ ಅಭ್ಯಾಸದ ಜೊತೆಗೆ ಕಣ್ಣೂ ನಮ್ಮನ್ನು ಎಳೆಯುತ್ತದೆ. ಹತ್ತಿರ ಇರುವುದನ್ನು ಕಣ್ಣು ಒಂದು ಗುಂಪಾಗಿ ಹಿಡಿಯುತ್ತದೆ. ಇಂಡಿಯಾನಾ ವಿಶ್ವವಿದ್ಯಾಲಯದ ಡೇವಿಡ್ ಲ್ಯಾಂಡಿ ಮತ್ತು ರಾಬರ್ಟ್ ಗೋಲ್ಡ್‌ಸ್ಟೋನ್ ಎಂಬ ಸಂಶೋಧಕರು ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಣಾಕಾರ ಮೊದಲು, ಸಂಕಲನ ಆಮೇಲೆ ಎಂಬ ನಿಯಮ ಆ ವಿದ್ಯಾರ್ಥಿಗಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೂಡಬೇಕಾದವುಗಳನ್ನು ಒತ್ತೊತ್ತಾಗಿ, ಗುಣಿಸಬೇಕಾದವುಗಳನ್ನು ದೂರದೂರವಾಗಿ ಅಚ್ಚು ಹಾಕಿದಾಗ ತಪ್ಪುಗಳು ಹೆಚ್ಚಾದವು. 2+3 × 4 ಎಂಬುದನ್ನು ನೀವೇ ಒಮ್ಮೆ ನೋಡಿ. ಉತ್ತರ 14 ಎಂದು ಬುದ್ಧಿ ಹೇಳುವ ಹೊತ್ತಿಗೆ ಕಣ್ಣು 2+3 ಕೂಡಿ ಮುಗಿಸಿರುತ್ತದೆ. ಬೋರ್ಡಿನ ಮೇಲೆ ಬರೆಯುವ ಮೇಷ್ಟ್ರು ಬಿಡುವ ಸಣ್ಣ ಜಾಗವೂ ಪಾಠದ ಒಂದು ಭಾಗವೇ.

2019ರ ಜುಲೈ ಕೊನೆಯಲ್ಲಿ ಜಗತ್ತನ್ನೇ ಜಗಳಕ್ಕೆ ಹಚ್ಚಿದ ಲೆಕ್ಕ ನೆನಪಿರಬಹುದು: 8 ÷ 2(2+2). ಕೆಲವರು 16 ಎಂದರು, ಕೆಲವರು 1 ಎಂದರು. ನಮ್ಮಲ್ಲಿ ಹಲವರು ಆವರಣ ಮೊದಲು, ಭಾಗಾಕಾರ ಮತ್ತು ಗುಣಾಕಾರ ಆಮೇಲೆ, ಸಂಕಲನ ಮತ್ತು ವ್ಯವಕಲನ ಕೊನೆಗೆ ಎನ್ನುವ ಬೋಡ್‌ಮಾಸ್ ನಿಯಮವನ್ನೇ ಮುಂದಿಟ್ಟರು. ಆವರಣ ಬಿಡಿಸಿದರೆ 8 ÷ 2 × 4. ಭಾಗಾಕಾರ, ಗುಣಾಕಾರ ಎರಡಕ್ಕೂ ಸಮಾನ ಸ್ಥಾನ, ಎಡದಿಂದ ಬಲಕ್ಕೆ ಹೋಗಬೇಕು, ಹಾಗಾಗಿ 16. ಶಾಲೆಯ ನಿಯಮದ ಪ್ರಕಾರ ಇದು ಸರಿ. ಆದರೆ 1 ಎಂದವರೂ ಗಾಳಿಯಲ್ಲಿ ಗುಂಡು ಹಾರಿಸಿದವರಲ್ಲ. 2(2+2) ಎಂದು ಅಂಟಿಸಿ ಬರೆದದ್ದು ಒಂದೇ ತುಂಡು, ಅದನ್ನು ಮೊದಲು ಬಿಡಿಸಬೇಕು ಎಂಬ ಪದ್ಧತಿ ಬೀಜಗಣಿತದ, ಭೌತಶಾಸ್ತ್ರದ ಬರಹಗಳಲ್ಲಿ ಇದೆ. 1 ÷ 2ಕ ಎಂದು ಬರೆದರೆ ಬಹುಪಾಲು ಎಂಜಿನಿಯರುಗಳು ಎರಡು ಕ ಎಂಬುದನ್ನು ಛೇದವಾಗಿಯೇ ಓದುತ್ತಾರೆ. ಎರಡು ಕ್ಯಾಲ್ಕ್ಯುಲೇಟರುಗಳು ಇದೇ ಸಾಲಿಗೆ ಬೇರೆಬೇರೆ ಉತ್ತರ ಕೊಡುವುದೂ ಇದೇ ಕಾರಣಕ್ಕೆ. ತಯಾರಿಸಿದವರು ಒಪ್ಪಿಕೊಂಡ ಪದ್ಧತಿಗಳೇ ಬೇರೆ.

ಹಾಗಾದರೆ ಸರಿ ಯಾರು? ಲೆಕ್ಕ ಬರೆದವರು ಅಡ್ಡಗೋಡೆಯ ಮೇಲೆ ದೀಪವಿಟ್ಟಿದ್ದಾರೆ. ಇಲ್ಲಿ ತಾಳೆ ನೋಡಲು ಬೇರೇನೂ ಇಲ್ಲ. ಬಕ್ಷಾಲಿಯ ಲೆಕ್ಕಕ್ಕೆ ವರ್ಗಸಂಖ್ಯೆ ಬರಬೇಕೆಂಬ ಷರತ್ತಿತ್ತು, ಅದು ದಾರಿ ತೋರಿಸಿತು. ಇದಕ್ಕೆ ಹಿಂದುಮುಂದಿಲ್ಲ, ಇದು ಯಾವ ನಿಜವಾದ ಸಮಸ್ಯೆಯಿಂದಲೂ ಬಂದದ್ದಲ್ಲ. ಎಂಟು ಹಣ್ಣುಗಳನ್ನು ಎಷ್ಟು ಜನರಿಗೆ ಹಂಚುತ್ತಿದ್ದೇವೆ ಎಂದು ಗೊತ್ತಿದ್ದರೆ ಜಗಳವೇ ಹುಟ್ಟುತ್ತಿರಲಿಲ್ಲ. ಇನ್ನೊಂದು ಜೊತೆ ಆವರಣ ಹಾಕಿದ್ದರೆ ಅಥವಾ ಗೆರೆ ಎಳೆದು ಅಂಶ, ಛೇದ ಎಂದು ಬರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗಣಿತ ಚಿಹ್ನೆಗಳ ಅಂತಾರಾಷ್ಟ್ರೀಯ ಮಾನಕವೂ ÷ ಗುರುತನ್ನು ಬಳಸಬೇಡಿ ಎಂದೇ ಹೇಳುತ್ತದೆ. ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ಅದೇ ಗುರುತು ವ್ಯವಕಲನಕ್ಕೆ ಬಳಕೆಯಲ್ಲಿದ್ದದ್ದೂ ಉಂಟು.

ಬೋಡ್‌ಮಾಸ್ ಬಗ್ಗೆ ಇನ್ನೊಂದು ಮಾತು. ಅದನ್ನು ಉರು ಹೊಡೆದ ಮಕ್ಕಳಲ್ಲಿ ಬಹಳ ಮಂದಿ ಅಕ್ಷರಗಳ ಸಾಲನ್ನೇ ಕಟ್ಟುನಿಟ್ಟಾದ ಸರದಿ ಎಂದುಕೊಳ್ಳುತ್ತಾರೆ. ಕೂಡುವುದು ಮೊದಲು, ಕಳೆಯುವುದು ಆಮೇಲೆ ಎಂದು 10 − 4 + 3 ಎಂಬಲ್ಲಿ 4 + 3 ಮಾಡಿ, ಹತ್ತರಿಂದ ಏಳು ಕಳೆದು, 3 ಎಂದು ಬರೆಯುತ್ತಾರೆ. ಹತ್ತು ರೂಪಾಯಿಯಲ್ಲಿ ನಾಲ್ಕು ಖರ್ಚಾಗಿ, ಆಮೇಲೆ ಮೂರು ಕೈಗೆ ಬಂದರೆ ಎಷ್ಟು ಉಳಿಯಿತು ಎಂದು ಕೇಳಿ, ಅದೇ ಮಕ್ಕಳು ಥಟ್ಟನೆ ಒಂಬತ್ತು ಎನ್ನುತ್ತಾರೆ. ನಿಯಮದ ಹೆಸರನ್ನು ಕಲಿಸಿದ ಮೇಲೆ ನಿಯಮವನ್ನು ಲೆಕ್ಕದ ಮೇಲೆ ತಾಳೆ ನೋಡುವುದನ್ನೂ ಕಲಿಸಬೇಕು.

ಪಿಯುಸಿಗೆ ಬಂದವರನ್ನು ತ್ರಿಕೋನಮಿತಿ ಪರೀಕ್ಷಿಸುತ್ತದೆ. ಸೈನ್ ಎಂಬುದರ ತಲೆಯ ಮೇಲೆ ಸಣ್ಣ 2 ಇದ್ದರೆ ಸೈನ್ ಬೆಲೆಯ ವರ್ಗ ಎಂದರ್ಥ. ಮೂವತ್ತು ಡಿಗ್ರಿಯ ಸೈನ್ ½, ಅದರ ವರ್ಗ ¼. ಅದೇ ಜಾಗದಲ್ಲಿ ಸಣ್ಣ −1 ಇದ್ದರೆ? ವಿದ್ಯಾರ್ಥಿ ಹಿಂದಿನ ತರಗತಿಗಳ ಘಾತಾಂಕಗಳನ್ನು ನೆನೆದು ‘ಒಂದನ್ನು ಸೈನ್‌ನಿಂದ ಭಾಗಿಸಿದ್ದು’ ಎನ್ನುತ್ತಾನೆ, ಅಂದರೆ 1/ಸೈನ್. ಆದರೆ ಇಲ್ಲಿ ಅದು ವಿಲೋಮ: ಯಾವ ಕೋನದ ಸೈನ್ ½ ಎಂಬ ಪ್ರಶ್ನೆ, ಉತ್ತರ 30 ಡಿಗ್ರಿ. ಇಂಗ್ಲೆಂಡಿನ ಜಾನ್ ಹರ್ಷೆಲ್ 1813ರಲ್ಲಿ ಈ ಬರವಣಿಗೆಯನ್ನು ಬಳಕೆಗೆ ತಂದ. ಒಂದೇ ಜಾಗದಲ್ಲಿ ಕೂತ ಎರಡು ಸಣ್ಣ ಅಂಕಿಗಳು ಎರಡು ಬೇರೆ ಭಾಷೆ ಮಾತಾಡುತ್ತವೆ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಹುಡುಗನಾಗಿದ್ದಾಗ ಇದರಿಂದ ರೋಸಿಹೋಗಿ ಸೈನ್, ಕಾಸ್, ಟ್ಯಾನ್‌ಗಳಿಗೆ ತನ್ನದೇ ಗುರುತುಗಳನ್ನು ಮಾಡಿಕೊಂಡಿದ್ದ. ಸೈನ್‌ನ ಮೂರು ಇಂಗ್ಲಿಷ್ ಅಕ್ಷರಗಳು ಪಕ್ಕಪಕ್ಕ ನಿಂತರೆ ಮೂರು ಸಂಖ್ಯೆಗಳ ಗುಣಲಬ್ಧದಂತೆ ಕಾಣುತ್ತದೆ ಎಂಬುದು ಅವನ ತಕರಾರು. ಒಮ್ಮೆ ಇನ್ನೊಬ್ಬ ಹುಡುಗನಿಗೆ ಪಾಠ ಹೇಳುವಾಗ ಆ ಗುರುತುಗಳನ್ನು ಬರೆದ. ಇವೇನು ಎಂದು ಅವನು ಕೇಳಿದ. ತಾನೊಬ್ಬನಿಗೇ ಗೊತ್ತಿರುವ ಗುರುತಿನಿಂದ ಬೇರೆಯವರ ಜೊತೆ ಮಾತಾಡಲಾಗದು ಎಂದು ಅರಿತ ಫೈನ್‌ಮನ್ ಅವನ್ನು ಕೈಬಿಟ್ಟ. ಸ್ವಂತ ಗುರುತುಗಳು ಹೆಚ್ಚು ಚೆನ್ನಾಗಿದ್ದವೋ ಏನೋ, ಆದರೆ ಗುರುತಿಗೆ ಬೆಲೆ ಬರುವುದು ನಾಲ್ಕು ಜನ ಒಪ್ಪಿದಾಗ.

ನಾವೇ ಒಳಗಿನವರಾಗಿರುವ ಒಂದು ಉದಾಹರಣೆಯನ್ನೂ ನೋಡೋಣ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರುಗಳಲ್ಲಿ ಅವುಗಳ ಕ್ರಮಸಂಖ್ಯೆ ಅಡಗಿದೆ. ಕಟಪಯಾದಿ ಪದ್ಧತಿಯಲ್ಲಿ ಪ್ರತಿ ವ್ಯಂಜನಕ್ಕೂ ಒಂದು ಅಂಕಿ. ಕ, ಟ, ಪ, ಯ ನಾಲ್ಕೂ ಒಂದು, ಅಲ್ಲಿಂದ ಮುಂದಕ್ಕೆ ಎಣಿಸಬೇಕು. ಮಕ್ಕಳ ಮೊದಲ ಪಾಠದ ಮಾಯಾಮಾಳವಗೌಳದಲ್ಲಿ ಮ ಎಂದರೆ 5, ಯ ಎಂದರೆ 1. ಆದರೆ ರಾಗದ ಸಂಖ್ಯೆ 51 ಅಲ್ಲ, 15. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮೇಚಕಲ್ಯಾಣಿಯಲ್ಲಿ ಮೇ 5, ಚ 6, ತಿರುಗಿಸಿದರೆ 65. ಶಂಕರಾಭರಣಕ್ಕೆ ‘ಧೀರ’ ಸೇರಿಸಿದ್ದು ಸಂಖ್ಯೆ ಕೂಡಿಬರಲಿ ಎಂದು: ಧೀ 9, ರ 2, ಅದು 29ನೆಯ ಮೇಳ. ಒತ್ತಕ್ಷರ ಬಂದರೆ ಕೊನೆಯ ವ್ಯಂಜನವನ್ನು ಹಿಡಿಯಬೇಕು. ಷಣ್ಮುಖಪ್ರಿಯದಲ್ಲಿ ಷ 6, ‘ಣ್ಮು’ವಿನಲ್ಲಿ ಮ 5, ಹಾಗಾಗಿ 56.

ಈ ನಿಯಮ ಹಿಡಿದುಕೊಂಡು ಹೊಸಬನೊಬ್ಬ ಚಕ್ರವಾಕಕ್ಕೆ ಬರುತ್ತಾನೆ ಎನ್ನಿ. ಚ 6, ‘ಕ್ರ’ದಲ್ಲಿ ಕೊನೆಯ ವ್ಯಂಜನ ರ, ಅದು 2, ಹಾಗಾಗಿ 26 ಎಂದು ಓದುತ್ತಾನೆ. ಆದರೆ 26 ಆಗಲೇ ಚಾರುಕೇಶಿಯ ಮನೆ: ಚಾ 6, ರು 2. ಎರಡು ರಾಗ ಒಂದೇ ಸಂಖ್ಯೆಯಲ್ಲಿ ಇರುವಂತಿಲ್ಲ. ಇತ್ತ 16ನೆಯ ಜಾಗ ಖಾಲಿ ಬಿದ್ದಿದೆ. ‘ಕ್ರ’ದಲ್ಲಿ ಕ ಹಿಡಿದರೆ 1, ತಿರುಗಿಸಿದರೆ 16, ಸ್ವರಗಳೂ ಹೊಂದುತ್ತವೆ. ಚಕ್ರವಾಕ ನಿಯಮಕ್ಕೊಂದು ಅಪವಾದ ಎಂಬುದನ್ನು ಇಡೀ ಪಟ್ಟಿಯೇ ಹೇಳಿಕೊಟ್ಟಿತು. ಬಕ್ಷಾಲಿಯ 7+ ಬಯಲಾದದ್ದೂ ಹೀಗೆಯೇ. ಬಿಡಿ ಗುರುತು ಬಾಯಿ ಬಿಡದಿದ್ದಾಗ ಅದರ ಅಕ್ಕಪಕ್ಕದವರನ್ನು ಕೇಳಬೇಕು.

ದಿನಬಳಕೆಯಲ್ಲೂ ಇದು ಕೈಹಿಡಿಯುತ್ತದೆ. ಜರ್ಮನಿಗೆ ಕೆಲಸಕ್ಕೆ ಹೋದ ಕನ್ನಡಿಗ ಅಲ್ಲಿನ ಮನೆ ಬಾಡಿಗೆಯ ಜಾಹೀರಾತಿನಲ್ಲಿ 1.250 ಯೂರೋ ಎಂದು ಕಾಣುತ್ತಾನೆ. ಒಂದೂಕಾಲು ಯೂರೋ ಬಾಡಿಗೆ ಇರಲಾರದು. ದಶಮಾಂಶವಾಗಿದ್ದರೆ ಬಿಂದುವಿನ ಮುಂದೆ ಎರಡೇ ಅಂಕಿ ಇರಬೇಕಿತ್ತು, ಇಲ್ಲಿ ಮೂರಿವೆ. ಅಲ್ಲಿಗೆ, ಈ ನಾಡಿನಲ್ಲಿ ಬಿಂದು ಸಾವಿರದ ಗುರುತು ಎಂದು ತಿಳಿಯಿತು. ನಾವು ಒಂದು ಲಕ್ಷವನ್ನು 1,00,000 ಎಂದು ಬರೆದದ್ದನ್ನು ಕಂಡ ಜರ್ಮನ್ ಪ್ರಜೆಯೂ ಇದೇ ಕಷ್ಟಪಡುತ್ತಾನೆ.

ಪಂಡಿತರೂ ಇದರಿಂದ ಹೊರತಲ್ಲ. ಶ್ರೀನಿವಾಸ ರಾಮಾನುಜನ್ 1 + 2 + 3 + 4 ಎಂದು ಕೊನೆಯಿಲ್ಲದೆ ಕೂಡುತ್ತಾ ಹೋದರೆ −1/12 ಬರುತ್ತದೆ ಎಂದು ಬರೆದರು. ಸಾಮಾನ್ಯ ಅರ್ಥದಲ್ಲಿ ಓದಿದರೆ ಇದು ಅಸಂಬದ್ಧ. ಮೊತ್ತ 1, 3, 6, 10 ಎಂದು ಬೆಳೆಯುತ್ತಲೇ ಹೋಗುತ್ತದೆ, ಋಣಸಂಖ್ಯೆಯ ಹತ್ತಿರವೂ ಸುಳಿಯುವುದಿಲ್ಲ. 1912ರ ಕೊನೆಯಲ್ಲಿ ರಾಮಾನುಜನ್ ಅವರ ಕೆಲಸವನ್ನು ನೋಡಿದ ಲಂಡನ್ನಿನ ಪ್ರೊಫೆಸರ್ ಎಂ.ಜೆ.ಎಂ. ಹಿಲ್, ಮೊತ್ತ ಒಂದು ಬೆಲೆಯಲ್ಲಿ ನಿಲ್ಲದ ಅಪಸರಣ ಶ್ರೇಣಿಗಳ ಗುಂಡಿಗೆ ಇವರು ಬಿದ್ದಿದ್ದಾರೆ ಎಂಬ ಅಭಿಪ್ರಾಯ ಕೊಟ್ಟರು. ಮರುವರ್ಷ ಫೆಬ್ರವರಿಯಲ್ಲಿ ಕೇಂಬ್ರಿಜ್‌ನ ಜಿ.ಎಚ್. ಹಾರ್ಡಿಗೆ ಬರೆದ ಪತ್ರದಲ್ಲಿ ರಾಮಾನುಜನ್ ಇದನ್ನು ಪ್ರಸ್ತಾಪಿಸಿ, ಇದು ತಮ್ಮ ಸಿದ್ಧಾಂತದ ಪ್ರಕಾರ ಎಂದು ಸೇರಿಸಿದರು. ಹೀಗೆಂದರೆ ನೀವು ನನಗೆ ಹುಚ್ಚಾಸ್ಪತ್ರೆಯ ದಾರಿ ತೋರಿಸುತ್ತೀರಿ ಎಂಬ ಅರ್ಥದ ಮಾತನ್ನೂ ಬರೆದರು. ‘ತಮ್ಮ ಸಿದ್ಧಾಂತದ ಪ್ರಕಾರ’ ಎಂಬಲ್ಲಿ ಬೀಗದ ಕೈ ಇತ್ತು. ಸಮ ಚಿಹ್ನೆಯನ್ನು ಅವರು ಬಳಸಿದ್ದು ಬೇರೆ ಅರ್ಥದಲ್ಲಿ. ಆಯ್ಲರ್ ಕಾಲದಿಂದ ಬಂದು ರೀಮನ್ 1859ರಲ್ಲಿ ಗಟ್ಟಿಗೊಳಿಸಿದ ಝೀಟಾ ಉತ್ಪನ್ನದ ದಾರಿಯಲ್ಲಿ ಹೋದರೆ ಆ ಶ್ರೇಣಿಗೆ ಸಲ್ಲುವ ಬೆಲೆ ನಿಜವಾಗಿಯೂ −1/12.

ರಾಮಾನುಜನ್‌ರ ಸಾಲುಗಳಲ್ಲಿ ವಿಚಿತ್ರವಾಗಿ ಕಂಡದ್ದನ್ನು ಹಾರ್ಡಿ ಮತ್ತು ಅವರ ಗೆಳೆಯ ಲಿಟಲ್‌ವುಡ್ ತಳ್ಳಿಹಾಕಲಿಲ್ಲ. ಕೂತು ಒಂದೊಂದನ್ನೇ ಪರಿಶೀಲಿಸಿದರು. ಗೊತ್ತಿರುವ ಫಲಿತಾಂಶಗಳ ಜೊತೆ ಕೆಲವು ಹೊಂದಿದವು, ಕೆಲವು ಅವರಿಗೇ ಹೊಸದಾಗಿದ್ದವು, ಕೆಲವು ತಪ್ಪೂ ಆಗಿದ್ದವು. ‘ಇದು ತಪ್ಪು’ ಎನ್ನುವ ಮೊದಲು ‘ಯಾವ ಅರ್ಥದಲ್ಲಿ ಓದಿದರೆ ಇದು ಸರಿಯಾದೀತು’ ಎಂದು ಕೇಳಿದ್ದರಿಂದ ಜಗತ್ತಿಗೆ ಒಬ್ಬ ರಾಮಾನುಜನ್ ಸಿಕ್ಕರು.

ನಮ್ಮ ತರಗತಿಗಳಲ್ಲೂ ಆ ಪ್ರಶ್ನೆ ಕೇಳಿಬರಬೇಕು. ಅದಕ್ಕೆ ದೊಡ್ಡ ಯೋಜನೆ ಬೇಡ. ಫ್ಯಾಕ್ಟೋರಿಯಲ್ ಪಾಠ ಶುರು ಮಾಡುವ ದಿನ ವ್ಯಾಖ್ಯೆ ಬರೆಸುವ ಬದಲು ಬೋರ್ಡಿನ ಮೇಲೆ 2! = 2, 3! = 6, 4! = 24 ಎಂದಷ್ಟೇ ಬರೆಯಿರಿ. 5! ಎಷ್ಟಿರಬಹುದು ಎಂದು ಕೇಳಿ. ಯಾರೋ ಒಬ್ಬರು ನಾಲ್ಕರಷ್ಟು ಮಾಡಿ 96 ಎನ್ನುತ್ತಾರೆ, ಇನ್ನೊಬ್ಬರು 6ಕ್ಕೂ 24ಕ್ಕೂ ಇರುವ ಸಂಬಂಧ ಹಿಡಿದು 120 ಎನ್ನುತ್ತಾರೆ. ಎರಡೂ ಊಹೆಗಳನ್ನು ಹಿಂದಿನ ಸಾಲುಗಳ ಮೇಲೆ ತಾಳೆ ನೋಡಲು ಬಿಡಿ. 2ರಿಂದ 6 ಮೂರರಷ್ಟು, 6ರಿಂದ 24 ನಾಲ್ಕರಷ್ಟು, ಹಾಗಾದರೆ ಮುಂದಿನದು ಐದರಷ್ಟು. ಹತ್ತು ನಿಮಿಷದಲ್ಲಿ ಚಿಹ್ನೆ ಅವರದಾಗುತ್ತದೆ. ಬ್ಯಾಂಕ್ ಪರೀಕ್ಷೆಗೆ ತಯಾರಾಗುವವರು ‘+ ಎಂದರೆ ÷, − ಎಂದರೆ × ಆದರೆ’ ಎಂಬ ಪ್ರಶ್ನೆಗಳನ್ನು ಬೇಕಾದಷ್ಟು ಬಿಡಿಸುತ್ತಾರೆ. ಗುರುತಿಗೆ ಅರ್ಥ ಕೊಡುವವರು ನಾವು ಎಂಬುದನ್ನು ಅಷ್ಟು ತಡವಾಗಿ, ನೌಕರಿಯ ಅಗತ್ಯಕ್ಕಾಗಿ ಕಲಿಯಬೇಕಿಲ್ಲ. ಐದನೇ ತರಗತಿಯಲ್ಲೇ ಆಟವಾಗಿ ಕಲಿಯಬಹುದು.

ಬರೆಯುವವರಿಗೂ ಒಂದು ಹೊಣೆಯಿದೆ. ಪಠ್ಯಪುಸ್ತಕವಾಗಲಿ, ಪ್ರಶ್ನೆಪತ್ರಿಕೆಯಾಗಲಿ, ಹೊಸ ಗುರುತು ಮೊದಲ ಸಲ ಬಂದಲ್ಲಿ ಅದರ ಅರ್ಥ ಹೇಳಬೇಕು, ಜೊತೆಗೆ ಅಂಕಿ ಹಾಕಿದ ಒಂದು ಉದಾಹರಣೆ ಕೊಡಬೇಕು. ಎರಡು ಅರ್ಥ ಬರುವಲ್ಲಿ ಆವರಣ ಹಾಕಲು ಜಿಪುಣತನ ಮಾಡಬಾರದು. ಪರೀಕ್ಷೆ ಇರುವುದು ಮಗುವಿನ ಗಣಿತವನ್ನು ಅಳೆಯಲಿಕ್ಕೆ, ಬರೆದವರ ಮನಸ್ಸಿನಲ್ಲಿದ್ದ ಪದ್ಧತಿ ಯಾವುದೆಂದು ಊಹಿಸುವ ಶಕ್ತಿಯನ್ನಲ್ಲ.

ಮಗು ತಪ್ಪು ಉತ್ತರ ಬರೆದಾಗ ಕೆಂಪು ಪೆನ್ನು ಎತ್ತುವ ಮೊದಲು ‘ಇದನ್ನು ನೀನು ಹೇಗೆ ಓದಿದೆ, ಓದಿ ಹೇಳು’ ಎಂದು ಕೇಳೋಣ. ಎಷ್ಟೋ ಸಲ ಲೆಕ್ಕ ಸರಿಯಾಗಿಯೇ ಇರುತ್ತದೆ, ಓದಿಕೊಂಡ ಗುರುತು ಬೇರೆಯಾಗಿರುತ್ತದೆ. ಅದು ಗೊತ್ತಾದ ಮೇಲೆ ತಿದ್ದುವುದು ಸುಲಭ. ಬಾಯಿಪಾಠದಿಂದ ಬಂದ ಚಿಹ್ನೆ ಆ ಒಂದು ಪಾಠಕ್ಕೆ ಮಾತ್ರ ಉಳಿಯುತ್ತದೆ. ತಾಳೆ ನೋಡಿ ಕಲಿತ ಮಗುವಿಗೆ ಮುಂದೆ ಬರುವ, ಯಾರೂ ಹೇಳಿಕೊಡದ ಚಿಹ್ನೆಯನ್ನೂ ಎದುರಿಸುವ ಧೈರ್ಯ ಬರುತ್ತದೆ. ಗಣಿತದ ಭಯ ಎಂದು ನಾವು ಹೇಳುವುದರಲ್ಲಿ ದೊಡ್ಡ ಪಾಲು ಈ ಗುರುತುಗಳ ಭಯ. ಅದನ್ನು ಹೋಗಲಾಡಿಸುವುದು ಶಿಕ್ಷಕರ, ಪಾಲಕರ, ಪುಸ್ತಕ ಬರೆಯುವವರ ಕೈಯಲ್ಲೇ ಇದೆ.